ಗೇರ್ ಸೈಕಲ್ಲಿಗೆ ಅಗ್ಗದ ಬ್ರೇಕ್ ಪ್ಯಾಡು: ಆಯ್ಕೆಯ ಕ್ರಮ

ಮೂಲ ತಯಾರಕರದಲ್ಲದ ಅಗ್ಗದ ಪ್ಯಾಡುಗಳನ್ನು ಸೈಕಲ್ಲಿನ ಬ್ರೇಕಿಗೆ ಹಾಕಿಸಬಹುದೆ ಎಂಬ ಪ್ರಶ್ನೆಯು ಇತಿಹಾಸ ವಿಭಾಗದ ಸಂಚಿಕೆಗೆ ಸಲ್ಲದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಈ ವಸ್ತುವಿನ ಚರಿತ್ರೆಯನ್ನು ಕೊಂಚ ಅರಿಯದೆ ಸರಿಯಾದ ಉತ್ತರ ದೊರೆಯಲಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಗೇರ್ ಸೈಕಲ್ಲೇರಿ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಇದು ಕೈಕಾಲುಗಳ ಕ್ಷೇಮಕ್ಕೆ ಸಂಬಂಧಿಸಿದ ವಿಚಾರವೂ ಹೌದು.

೧೯೪೯ರಲ್ಲಿ ಮದರಾಸಿನಲ್ಲಿ ಟಿ. ಐ. ಸೈಕಲ್ಸ್ ಸಂಸ್ಥೆಯೂ ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ ಸಂಸ್ಥೆಯೂ ಸ್ಥಾಪಿತವಾದುವು. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಓಡಾಡುತ್ತಿದ್ದ ಕರಿಯ ಸೈಕಲ್ಲು ಕಂಬಿ ಬ್ರೇಕಿನದು. ಹಿಡಿಯನ್ನು ಒತ್ತಿದೊಡನೆ ಕಂಬಿಯು ಎರಡು ರಬ್ಬರು ತುಂಡುಗಳನ್ನು ರಿಮ್ಮಿನ ಒಳಮೈಗೆ ಎಳೆದು ಒತ್ತುತ್ತಿತ್ತು. ಆ ತುಂಡುಗಳ ಆಕಾರ ಹೆಚ್ಚುಕಡಮೆ ಒಂದೇ ಆಗಿದ್ದುದರಿಂದ ಯಾರು ಮಾಡಿದ ರಬ್ಬರಾದರೂ ಹೊಂದಿಕೊಳ್ಳುತ್ತಿತ್ತು. ಅಗ್ಗದ್ದಾದರೇನು, ರಬ್ಬರು ತಾನೆ ಎಂಬ ಧೋರಣೆ ಅಂದಿಗೆ ತಪ್ಪೂ ಆಗಿರಲಿಲ್ಲ. ಡಿಸ್ಕ್ ಬ್ರೇಕಿನ ಮಾತು ಬೇರೆ. ಇಲ್ಲಿ ಒಬ್ಬೊಬ್ಬ ತಯಾರಕನಿಗೆ ಒಂದೊಂದು ಆಕಾರ. ಒಬ್ಬನದೇ ಹಲವು ಆಕಾರಗಳೂ ಉಂಟು. ಆದುದರಿಂದ ಹಳೆಯ ಪ್ಯಾಡನ್ನು ಬಿಚ್ಚಿಕೊಂಡು ಹೋಗಿ, ಹೊಸತನ್ನು ಅದರ ಮೇಲಿಟ್ಟು ಅಂಚು, ರಂಧ್ರಗಳನ್ನು ಸರಿನೋಡಿಯೇ ಕೊಳ್ಳತಕ್ಕದ್ದು. ಕೊಂಚ ಉಜ್ಜಿದರೆ ಕೂರುತ್ತದೆ ಎಂಬ ಅಂಗಡಿಯವನ ಮಾತಿಗೆ ಒಪ್ಪಬಾರದು.

ಆಕಾರಕ್ಕಿಂತ ಮಿಗಿಲಾದುದು ದ್ರವ್ಯ. ರಾಳದಲ್ಲಿ ನಾರು, ಪುಡಿಗಳನ್ನು ಬೆರೆಸಿ ಅಚ್ಚೊತ್ತಿದ ಪ್ಯಾಡು ಒಂದು ಬಗೆ. ಲೋಹದ ಪುಡಿಯನ್ನು ಕಾಸಿ ಒತ್ತಿ ಗಟ್ಟಿಮಾಡಿದ್ದು ಇನ್ನೊಂದು. ಮೊದಲನೆಯದು ಮೆತುವಾಗಿ, ಸದ್ದಿಲ್ಲದೆ ಹಿಡಿಯುತ್ತದೆ. ಚನ್ನರಾಯಪಟ್ಟಣದ ಬಯಲಿಗೆ ಅದು ಧಾರಾಳವಾಗಿ ಸಾಕು. ಅರಕಲಗೂಡು ತಾಲ್ಲೂಕಿನ ಪಶ್ಚಿಮಕ್ಕೆ, ಕೊಡಗಿನ ಗಡಿಯತ್ತ ಹೋದಂತೆ ಮಳೆ, ಕೆಸರು, ಇಳಿಜಾರುಗಳು ಹೆಚ್ಚುತ್ತವೆ. ಅಲ್ಲಿ ರಾಳದ ಪ್ಯಾಡು ಬೇಗ ಸವೆಯುತ್ತದೆ. ವೇಗ ಇಮ್ಮಡಿಸಿದರೆ ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿಹಿಡಿದರೆ ರಾಳದ ಮೈ ಗಾಜಿನಂತೆ ನುಣುಪಾಗಿ ಹಿಡಿತ ತಪ್ಪುತ್ತದೆ. ಲೋಹದ್ದು ಶಾಖವನ್ನು ತಾಳುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಕಡಮೆ ಬೆಲೆಯ ಸೈಕಲ್ಲುಗಳ ಡಿಸ್ಕಿನ ಉಕ್ಕು ಹಲವು ವೇಳೆ ಮೃದುವಾಗಿರುತ್ತದೆ. ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೆತ್ತಿದ್ದರೆ ಲೋಹದ ಪ್ಯಾಡನ್ನು ಹಾಕಿಸುವಂತಿಲ್ಲ. ಹಾಕಿಸಿದರೆ ಪ್ಯಾಡಿನಲ್ಲಿ ಉಳಿಸಿದ ಹಣವನ್ನು ಡಿಸ್ಕಿಗೆ ತೆರಬೇಕಾಗುತ್ತದೆ.

ರಾಳದೊಳಗಿನ ನಾರು ಯಾವುದೆಂಬುದನ್ನೂ ವಿಚಾರಿಸಬೇಕು. ಕಳೆದ ಶತಮಾನದ ಬಹುಭಾಗ ಮೋಟಾರು ಬ್ರೇಕುಗಳಲ್ಲಿ ಬಳಸಿದ್ದು ಬೆಂಕಿಗೆ ಸುಡದ ಕಲ್ನಾರನ್ನು. ಈ ಖನಿಜ ನಮ್ಮ ಸೀಮೆಗೆ ಅಪರಿಚಿತವಲ್ಲ. ಹೊಳೆನರಸೀಪುರದ ಪ್ರಾಚೀನ ಶಿಲಾಪಟ್ಟಿಯಲ್ಲಿ ಅದು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಈಗ ನಿಸ್ಸಂದೇಹ. ಯೂರೋಪಿನ ಒಕ್ಕೂಟ ೨೦೦೫ರಲ್ಲಿ ಅದನ್ನು ನಿಷೇಧಿಸಿತು. ಭಾರತದಲ್ಲಿ ಬಿಳಿಯ ಕಲ್ನಾರಿಗೆ ಪೂರ್ಣ ನಿಷೇಧ ಬಂದಿಲ್ಲ. ಅಗ್ಗದ ಪ್ಯಾಡೆಲ್ಲವೂ ಕಲ್ನಾರಿನದೆಂದು ಇದರ ಅರ್ಥವಲ್ಲ. ತಯಾರಕನ ಹೆಸರೂ ದ್ರವ್ಯದ ಉಲ್ಲೇಖವೂ ಇಲ್ಲದ ಪೊಟ್ಟಣವನ್ನು ಬಿಟ್ಟು, ಕಲ್ನಾರಿಲ್ಲವೆಂದು ಮುದ್ರಿಸಿದ್ದನ್ನು ಕೊಳ್ಳಬೇಕು, ಅಷ್ಟೆ. ಬೆಲೆಯಲ್ಲಿ ಹೆಚ್ಚು ಅಂತರವಿರುವುದಿಲ್ಲ. ಯಾವ ಪ್ಯಾಡಿನ ಪುಡಿಯನ್ನೂ ಬಾಯಿಂದ ಊದದೆ ಒದ್ದೆಬಟ್ಟೆಯಿಂದ ಒರಸುವುದು ಲೇಸು.

ಹಾಕಿಸಿದ ದಿನವೇ ಇಳಿಜಾರಿಗೆ ಹೋಗತಕ್ಕದ್ದಲ್ಲ. ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ವೇಗದಿಂದ ಇಪ್ಪತ್ತು ಸಲವಾದರೂ ಬ್ರೇಕು ಹಿಡಿದು ಬಿಟ್ಟರೆ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಪಳಗುತ್ತವೆ. ಸರಪಳಿಯ ಎಣ್ಣೆ ಸಿಡಿದರೆ ಪ್ಯಾಡು ಅದನ್ನು ಹೀರಿಕೊಂಡು ನಿರುಪಯುಕ್ತವಾಗುತ್ತದೆ. ತಂತಿಯ ಡಿಸ್ಕ್ ಬ್ರೇಕುಗಳಲ್ಲಿ ಅನೇಕವು ಒಂದೇ ಪಕ್ಕದಿಂದ ಒತ್ತುವಂಥವು. ಇನ್ನೊಂದು ಪಕ್ಕದ ಪ್ಯಾಡು ಸವೆದಂತೆ ಅದನ್ನು ತಿರುಪಿನಿಂದ ಮುಂದೆ ತರಬೇಕು. ಘರ್ಷಣದ್ರವ್ಯ ೦.೫ ಮಿಲಿಮೀಟರಿಗೆ ಇಳಿದಾಗ ಪ್ಯಾಡನ್ನು ಬದಲಿಸಬೇಕೆಂಬುದು ಶಿಮಾನೊ ಸಂಸ್ಥೆಯ ಸೂಚನೆ. ಅಗ್ಗದ ಪ್ಯಾಡು ಈ ಮಿತಿಯನ್ನು ಬೇಗ ಮುಟ್ಟಬಹುದಾದ ಕಾರಣ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಚಕ್ರ ತೆಗೆದು ನೋಡತಕ್ಕದ್ದು.