ತಲೆಗೆ ಬಂದದ್ದು ಥರ್ಮೋಕೋಲಿಗೆ ಹೋಗಲಿ

ಬೆಳಗಿನ ರೈಲಿನ ಹೊತ್ತಿಗೆ ಬಂಗಾರಪೇಟೆ ಜಂಕ್ಷನ್ನಿನ ಬೈಕ್ ಸ್ಟ್ಯಾಂಡಿನ ಬಳಿ ನಿಂತರೆ ಹೆಲ್ಮೆಟ್ಟುಗಳಲ್ಲಿ ಎಷ್ಟು ಜಾತಿ ಇವೆ ಎಂದು ಗೊತ್ತಾಗುತ್ತದೆ. ಬೂದಿಕೋಟೆಯಿಂದಲೋ ಸುತ್ತಲಿನ ಹಳ್ಳಿಗಳಿಂದಲೋ ಬಂದು, ಗಾಡಿ ನಿಲ್ಲಿಸಿ, ಬೆಂಗಳೂರಿನ ರೈಲಿಗೆ ಓಡುವವರಲ್ಲಿ ಕೆಲವರ ತಲೆಯ ಮೇಲೆ ಮುಖ ಮುಚ್ಚುವ ಹೆಲ್ಮೆಟ್ ಇರುತ್ತದೆ. ಕೆಲವರದು ಕಿವಿಯ ಮೇಲಕ್ಕೇ ನಿಂತುಬಿಡುವ ಅರ್ಧ ಬೋಗುಣಿ. ಅಲ್ಲೊಬ್ಬ ಇಲ್ಲೊಬ್ಬ ಕಾರ್ಖಾನೆಯ ಹಳದಿ ಟೋಪಿಯನ್ನೇ ಹಾಕಿಕೊಂಡು ಬಂದಿರುತ್ತಾನೆ. ರಸ್ತೆ ಬದಿಯ ಇನ್ನೂರು ಮುನ್ನೂರು ರೂಪಾಯಿಯ ಮಾಲಿನಿಂದ ಹಿಡಿದು ಹತ್ತಾರು ಸಾವಿರದ ವಿದೇಶಿ ಹೆಲ್ಮೆಟ್ಟಿನವರೆಗೆ ಬೆಲೆ ಹಬ್ಬಿದೆ. ಕಡಿಮೆ ದುಡ್ಡಿನದು ಕೊಂಡರೆ ತಲೆ ಉಳಿಯುತ್ತದೆಯೇ? ಉತ್ತರ ಹೇಳಬೇಕಾದರೆ ಹೆಲ್ಮೆಟ್ಟಿನಲ್ಲಿ ತಲೆ ಕಾಯುವ ಭಾಗ ಯಾವುದು ಎಂದು ಮೊದಲು ನೋಡಬೇಕು.

ಹಳದಿ ಟೋಪಿಯಿಂದಲೇ ಶುರುಮಾಡೋಣ. ಕೆಜಿಎಫ್‌ನವರಿಗೆ ಅದು ಹೊಸದೇನಲ್ಲ. 2001ರ ಫೆಬ್ರವರಿ 28ರಂದು ಅಲ್ಲಿನ ಚಿನ್ನದ ಗಣಿ ಮುಚ್ಚಿತು. ಅಲ್ಲಿಯವರೆಗೆ ಚಾಂಪಿಯನ್ ರೀಫ್‌ನಂಥ ಗಣಿಗಳಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಕೆಲಸ ನಡೆದಿತ್ತು. ಅಲ್ಲಿ ಭಯ ಇದ್ದದ್ದು ಮೇಲಿನಿಂದ ಉದುರುವ ಕಲ್ಲಿನದು. ತಲೆ ಇದ್ದಲ್ಲೇ ಇರುತ್ತದೆ, ಪೆಟ್ಟು ನೆತ್ತಿಯ ಮೇಲೆ ಬಂದು ಬೀಳುತ್ತದೆ. ಕೈಗಾರಿಕೆಯ ಟೋಪಿಯ ವಿನ್ಯಾಸವೂ ಅದಕ್ಕೆ ತಕ್ಕಂತಿದೆ: ಗಟ್ಟಿ ಚಿಪ್ಪು, ಒಳಗೆ ಪಟ್ಟಿಗಳ ಜಾಲರಿ, ಎರಡರ ನಡುವೆ ಖಾಲಿ ಜಾಗ. ರಸ್ತೆಯಲ್ಲಿ ನಡೆಯುವುದು ಇದರ ತದ್ವಿರುದ್ಧ. ಅಲ್ಲಿ ನೆಲ ಇದ್ದಲ್ಲೇ ಇರುತ್ತದೆ, ತಲೆಯೇ ಹೋಗಿ ಅದಕ್ಕೆ ಬಡಿಯುತ್ತದೆ. ಅದೂ ನೆತ್ತಿಯಲ್ಲಲ್ಲ, ಹಣೆ, ಕಪಾಳ, ಗದ್ದ, ಹಿಂದಲೆ ಎಲ್ಲಿ ಬೇಕಾದರೂ ತಾಗಬಹುದು. ಪಕ್ಕದಿಂದ ಬಂದ ಪೆಟ್ಟಿಗೆ ಜಾಲರಿಯಿಂದ ಏನೂ ಉಪಯೋಗವಿಲ್ಲ. ಗಲ್ಲದ ಪಟ್ಟಿಯೂ ಇಲ್ಲದಿದ್ದರೆ ನೆಲ ಮುಟ್ಟುವ ಮೊದಲೇ ಟೋಪಿ ಹಾರಿಹೋಗಿರುತ್ತದೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಮಾನದಂಡಗಳಿವೆ: ಕಾರ್ಖಾನೆಯ ಟೋಪಿಗೆ ಐಎಸ್ 2925, ಸವಾರನ ಹೆಲ್ಮೆಟ್ಟಿಗೆ ಐಎಸ್ 4151.

ಈಗ ಲೆಕ್ಕಕ್ಕೆ ಬರೋಣ. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಗಾಡಿ 30ರಲ್ಲಿರಲಿ, 60ರಲ್ಲಿರಲಿ, ಕೆಳಮುಖವಾಗಿ ಬೀಳುವ ಈ ವೇಗ ಬದಲಾಗುವುದಿಲ್ಲ. ಮುಂದಕ್ಕೆ ಹೋಗುವ ವೇಗ ಉಜ್ಜಿಕೊಂಡು ಜಾರುವುದರಲ್ಲಿ ಖರ್ಚಾಗುತ್ತದೆ, ದಾರಿಯಲ್ಲಿ ಕಂಬವೋ ಲಾರಿಯೋ ಅಡ್ಡ ಬರದಿದ್ದರೆ. ಬರಿತಲೆ ನೆಲಕ್ಕೆ ಬಡಿದಾಗ ಅದು ನಿಲ್ಲಲು ಸಿಗುವ ಜಾಗ ಎರಡು ಮಿಲಿಮೀಟರ್ ಎಂದಿಟ್ಟುಕೊಂಡರೆ, ಮಿದುಳಿನ ಮೇಲಾಗುವ ಹೊಡೆತ ಗುರುತ್ವದ 750 ಪಟ್ಟು. ಅದೇ ತಲೆಗೆ ನಿಲ್ಲಲು ಎರಡೂವರೆ ಸೆಂಟಿಮೀಟರ್ ಸಿಕ್ಕರೆ ಹೊಡೆತ 60 ಪಟ್ಟಿಗೆ ಇಳಿಯುತ್ತದೆ. ಯುರೋಪಿನ ಹೆಲ್ಮೆಟ್ ಪರೀಕ್ಷೆಯಲ್ಲಿ ದಾಟಬಾರದ ಗೆರೆ 275 ಪಟ್ಟು. ಸಾವು ಬದುಕಿನ ವ್ಯತ್ಯಾಸ ಇರುವುದು ಆ ಎರಡೂವರೆ ಸೆಂಟಿಮೀಟರಿನಲ್ಲಿ.

ಆ ಜಾಗ ಕೊಡುವುದು ಹೊರಗಿನ ಹೊಳಪಿನ ಚಿಪ್ಪಲ್ಲ, ಒಳಗಿನ ಥರ್ಮೋಕೋಲು. ಟಿವಿ ಡಬ್ಬದೊಳಗೆ ಬರುವ ಪಾಲಿಸ್ಟೈರೀನೇ ಇಲ್ಲಿ ಇನ್ನಷ್ಟು ದಟ್ಟವಾಗಿರುತ್ತದೆ. ಒಂದು ಒಳ್ಳೆಯ ಹೆಲ್ಮೆಟ್ಟಿನ ಮೆತ್ತೆ ಕಳಚಿ ನೋಡಿ: ಕಪ್ಪು ಅಥವಾ ಬಿಳಿಯ ಗಡಸು ನೊರೆ, ಅದರಲ್ಲಿ ಸಾಬೂದಾನಿಯಂಥ ಮಣಿಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತದೆ. ಪ್ರತಿ ಮಣಿಯೊಳಗೂ ಗಾಳಿ ತುಂಬಿದ ಸಣ್ಣ ಕೋಶಗಳು. ತಲೆ ಒತ್ತಿದಾಗ ಈ ಕೋಶಗಳ ಗೋಡೆಗಳು ಸಾಲುಸಾಲಾಗಿ ಕುಸಿಯುತ್ತವೆ, ಪೆಟ್ಟಿನ ಶಕ್ತಿ ಆ ಕುಸಿತದಲ್ಲಿ ಕರಗುತ್ತದೆ. ಸ್ಪ್ರಿಂಗಿನ ಹಾಗೆ ತಿರುಗಿ ಒದೆಯುವುದಿಲ್ಲ. ಕುಸಿದದ್ದು ಮತ್ತೆ ಮೇಲೇಳುವುದೂ ಇಲ್ಲ. ಹಾಗಾಗಿ ಹೆಲ್ಮೆಟ್ ಒಂದೇ ಪೆಟ್ಟಿನ ಯಂತ್ರ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಲೊಂಬಾರ್ಡ್ 1953ರಲ್ಲಿ ಪೇಟೆಂಟ್ ಪಡೆದದ್ದು ಹೀಗೆ ಪೆಟ್ಟು ನುಂಗುವ ಒಳಪದರದ ಹೆಲ್ಮೆಟ್ಟಿಗೇ. ಇಂದಿನ ಹೆಲ್ಮೆಟ್ಟುಗಳೆಲ್ಲ ಅದರ ಮೊಮ್ಮಕ್ಕಳು.

ಈ ಥರ್ಮೋಕೋಲು ದುಬಾರಿ ವಸ್ತುವೇನಲ್ಲ. ಸಾವಿರ ರೂಪಾಯಿಯ ಆಸುಪಾಸಿನ ಐಎಸ್‌ಐ ಹೆಲ್ಮೆಟ್ ಕೆಲಸ ಮಾಡುವ ಗುಟ್ಟು ಇಲ್ಲಿದೆ. ನಮ್ಮ ಬೆಳಗಾವಿಯ ವೇಗಾ ಸೇರಿದಂತೆ ಭಾರತದ ದೊಡ್ಡ ತಯಾರಕರೆಲ್ಲ ಈ ಬೆಲೆಯಲ್ಲಿ ಮಾಲು ಕೊಡುತ್ತಾರೆ. ಚಿಪ್ಪು ಅಚ್ಚಿನಲ್ಲಿ ಎರಕ ಹೊಯ್ದ ಎಬಿಎಸ್ ಪ್ಲಾಸ್ಟಿಕ್ಕಿನದು. ಪೆಟ್ಟನ್ನು ಅಗಲವಾಗಿ ಹರಡುವುದು, ಚೂಪು ಕಲ್ಲು ಒಳಹೋಗದಂತೆ ತಡೆಯುವುದು ಅದರ ಕೆಲಸ. ಹೆಚ್ಚು ದುಡ್ಡು ಕೊಟ್ಟರೆ ಫೈಬರ್ ಅಥವಾ ಕಾರ್ಬನ್ನಿನ ಹಗುರ ಚಿಪ್ಪು, ಗಾಳಿಯಾಡುವ ಕಿಂಡಿ, ಮಂಜು ಹಿಡಿಯದ ಗಾಜು, ಕಡಿಮೆ ಸದ್ದು ಸಿಗುತ್ತವೆ. ಕೆಲವದರಲ್ಲಿ ತಲೆ ತಿರುಚಿಕೊಳ್ಳುವ ಪೆಟ್ಟನ್ನು ತಗ್ಗಿಸುವ ಜಾರುಪದರವೂ ಇರುತ್ತದೆ. ಅದು ನಿಜವಾದ ಲಾಭವೇ. ಆದರೆ ಬೆಲೆ ಹತ್ತು ಪಟ್ಟಾದರೆ ರಕ್ಷಣೆ ಹತ್ತು ಪಟ್ಟಾಗುವುದಿಲ್ಲ. ಬ್ರಿಟನ್ ಸರ್ಕಾರ 2007ರಿಂದ ‘ಶಾರ್ಪ್’ ಹೆಸರಿನಲ್ಲಿ ಹೆಲ್ಮೆಟ್ಟುಗಳಿಗೆ ನಕ್ಷತ್ರ ಕೊಡುತ್ತಿದೆ. ಅಲ್ಲಿ ಅಗ್ಗದವು ಐದು ನಕ್ಷತ್ರ ಪಡೆದದ್ದೂ ಇದೆ, ದುಬಾರಿಯವು ಹಿಂದೆ ಬಿದ್ದದ್ದೂ ಇದೆ.

ಹಾಗಾದರೆ ಇನ್ನೂರು ರೂಪಾಯಿಯದು? ಅದನ್ನು ಹೆಲ್ಮೆಟ್ ಎನ್ನುವುದೇ ತಪ್ಪು. ಒಳಗೆ ಕೈ ಹಾಕಿ ಬಟ್ಟೆ ಸರಿಸಿದರೆ ತೆಳ್ಳನೆಯ ಸ್ಪಂಜು ಸಿಗುತ್ತದೆ, ಅದರ ಹಿಂದೆ ಬರಿಯ ಪ್ಲಾಸ್ಟಿಕ್. ಸ್ಪಂಜು ಬೆರಳು ಒತ್ತಿದರೇ ಪೂರ್ತಿ ಚಪ್ಪಟೆಯಾಗುತ್ತದೆ, ಇನ್ನು ತಲೆಯನ್ನು ಅದೆಲ್ಲಿ ನಿಲ್ಲಿಸೀತು? 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಗುರುತಿನ ಮೇಲ್ಗಡೆ ‘ಐಎಸ್ 4151’, ಕೆಳಗಡೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಬಂಡವಾಳ ಬಯಲಾಗುತ್ತದೆ. ಅರ್ಧ ಬೋಗುಣಿಯ ಕಥೆಯೂ ಅಷ್ಟೇ. ಜರ್ಮನಿಯ ಅಪಘಾತಗಳನ್ನು ಅಧ್ಯಯನ ಮಾಡಿದ ಡೀಟ್ಮಾರ್ ಒಟ್ಟೆ ಹೆಲ್ಮೆಟ್ಟಿನ ಮೇಲೆ ಪೆಟ್ಟು ಬಿದ್ದ ಜಾಗಗಳ ನಕ್ಷೆ ಮಾಡಿದಾಗ, ಸುಮಾರು ಮೂರನೇ ಒಂದು ಭಾಗ ಇದ್ದದ್ದು ಗದ್ದದ ಸುತ್ತ. ಅಲ್ಲಿ ಬೋಗುಣಿಯೇ ಇಲ್ಲ. ಕೆಜಿಎಫ್‌ನಲ್ಲಿ ಗಾಳಿ ಎದ್ದ ದಿನ ಗಣಿ ತ್ಯಾಜ್ಯದ ಸೈನೈಡ್ ಗುಡ್ಡದ ದೂಳು ಕಣ್ಣಿಗೆ ನುಗ್ಗುವುದನ್ನು ಬಲ್ಲವರಿಗೆ ಮುಂದಿನ ಗಾಜಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಸೆಕೆಂಡ್‌ಹ್ಯಾಂಡ್ ಹೆಲ್ಮೆಟ್ ಮಾತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಒಳಗಿನ ನೊರೆ ಒಮ್ಮೆ ಕುಸಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಸ್ವಂತದ್ದನ್ನೂ ಟ್ಯಾಂಕಿನ ಮೇಲೆ ಮಗುಚಿಡುವಾಗ ಪೆಟ್ರೋಲ್ ತಾಗದಂತೆ ನೋಡಿಕೊಳ್ಳಿ. ಒಂದು ತುಂಡು ಥರ್ಮೋಕೋಲಿನ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ ಅದು ಕರಗಿ ಗುಂಡಿ ಬೀಳುವುದನ್ನು ಕಣ್ಣಾರೆ ನೋಡಬಹುದು.

ತಲೆ ಆಯಿತು, ಮೈಯ ಮಾತೇನು? ಇಲ್ಲಿ ಕಥೆ ಬೇರೆ. 50 ಕಿಲೋಮೀಟರ್ ವೇಗದಲ್ಲಿ ಬಿದ್ದ ಸವಾರ ಡಾಂಬರಿನ ಮೇಲೆ ಸುಮಾರು 14 ಮೀಟರ್ ಜಾರುತ್ತಾನೆ, ನಿಲ್ಲಲು ಎರಡು ಸೆಕೆಂಡು ಬೇಕು. ಸಾಮಾನ್ಯ ಜೀನ್ಸ್ ಬಟ್ಟೆ ಉಜ್ಜುವ ಪರೀಕ್ಷೆಯಲ್ಲಿ ಒಂದು ಸೆಕೆಂಡೂ ಬಾಳುವುದಿಲ್ಲ. ಉಳಿದ ಸೆಕೆಂಡು ಚರ್ಮದ ಲೆಕ್ಕಕ್ಕೆ. ಇದನ್ನು ತಪ್ಪಿಸಲೆಂದೇ ರೈಡಿಂಗ್ ಜಾಕೆಟ್, ಪ್ಯಾಂಟು, ಗ್ಲೌಸು ಇರುವುದು. ಆದರೆ ಅಂಗಡಿಯಲ್ಲಿ ಸಿಗುವುದೆಲ್ಲ ಕೆಲಸಕ್ಕೆ ಬರುತ್ತದೆಯೇ? ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಸುತ್ತ ಬಿದ್ದ 212 ಸವಾರರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ರಕ್ಷಣಾ ಉಡುಪು ತೊಟ್ಟವರು ಆಸ್ಪತ್ರೆ ಸೇರುವುದು ಕಡಿಮೆ ಎಂಬುದು ಸಾಬೀತಾಯಿತು. ಜೊತೆಗೆ, ಬಿದ್ದಾಗ ಜಾಕೆಟ್ಟುಗಳಲ್ಲಿ ಶೇ 29.7, ಪ್ಯಾಂಟುಗಳಲ್ಲಿ ಶೇ 28.1, ಗ್ಲೌಸುಗಳಲ್ಲಿ ಶೇ 25.7ರಷ್ಟು ಕೈಕೊಟ್ಟಿದ್ದವು. ಮೊಣಕೈ ಮೊಣಕಾಲಿನ ಗಟ್ಟಿ ಕವಚಗಳಿಂದ ಮೂಳೆ ಮುರಿತ ಕಡಿಮೆಯಾದದ್ದು ಕಾಣಲಿಲ್ಲ. ಇನ್ನೊಂದು ಸಂಗತಿ ನಮ್ಮೂರಿಗೆ ಹೇಳಿ ಮಾಡಿಸಿದಂತಿದೆ: ಬೈಕಿಗೆಂದೇ ಮಾಡಿರದ ಬೂಟು ಹಾಕಿದವರಿಗೂ, ಮಾಮೂಲಿ ಶೂ ಹಾಕಿದವರಿಗಿಂತ ಪಾದದ ಗಾಯ ಕಡಿಮೆಯಾಗಿತ್ತು. ಎಂದರೆ ಕೆಜಿಎಫ್‌ನ ಬೆಮಲ್ ಕಾರ್ಖಾನೆಯ ಕೆಲಸಗಾರ ಟೋಪಿಯನ್ನು ಲಾಕರಿನಲ್ಲೇ ಬಿಡಬೇಕು, ಕಣಕಾಲು ಮುಚ್ಚುವ ಬೂಟು ಇದ್ದರೆ ಅದನ್ನು ಹಾಕಿಕೊಂಡೇ ಗಾಡಿ ಹತ್ತಬೇಕು.

ಹೆಲ್ಮೆಟ್ಟಿಗೆ ಐಎಸ್‌ಐ ಇದ್ದಂತೆ ಜಾಕೆಟ್ಟಿಗೆ ನಮ್ಮಲ್ಲಿ ಕಡ್ಡಾಯದ ಗುರುತಿಲ್ಲ. ಯುರೋಪಿನ ಗುರುತನ್ನೇ ನೋಡಬೇಕು: ಉಡುಪಿಗೆ ಇಎನ್ 17092, ಕೈಕಾಲಿನ ಕವಚಕ್ಕೆ ಇಎನ್ 1621. ಎರಡನೆಯದರಲ್ಲಿ ಲೆವೆಲ್ 1 ಕವಚ ಪರೀಕ್ಷೆಯ ಪೆಟ್ಟಿನಲ್ಲಿ ಸರಾಸರಿ 35 ಕಿಲೋನ್ಯೂಟನ್ ಬಲವನ್ನು ಒಳಗೆ ಬಿಡಬಹುದು, ಲೆವೆಲ್ 2 ಬಿಡಬಹುದಾದದ್ದು 20 ಮಾತ್ರ. ಗುರುತಿಲ್ಲದ ಅಗ್ಗದ ಜಾಕೆಟ್ಟಿನಲ್ಲಿ ಇರುವುದು ಹೆಚ್ಚಾಗಿ ಬರೀ ಸ್ಪಂಜು, ಬೆವರು ಬೋನಸ್ಸು. ಕೋಲಾರ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಾಡದ ದಪ್ಪ ಜಾಕೆಟ್ ಮೊಳೆಗೆ ನೇತುಬೀಳುವುದೇ ಹೆಚ್ಚು. ಅದರ ಬದಲು ಗುರುತುಳ್ಳ ಜಾಲರಿ ಜಾಕೆಟ್ ಒಳ್ಳೆಯದು.

ಹಾಗಾಗಿ ಐದು ಸಾವಿರ ರೂಪಾಯಿ ಕೈಯಲ್ಲಿದ್ದರೆ ಐದು ಸಾವಿರದ ಹೆಲ್ಮೆಟ್ ಬೇಡ. ತಲೆಗೆ ಬಿಗಿಯಾಗಿ ಕೂರುವ, ಗದ್ದ ಮುಚ್ಚುವ ಐಎಸ್‌ಐ ಹೆಲ್ಮೆಟ್ ಸವಾರನಿಗೊಂದು, ಹಿಂದೆ ಕೂರುವವರಿಗೊಂದು ಮೊದಲು ಬರಲಿ. ಆಮೇಲೆ ಅಂಗೈಗೆ ಚರ್ಮದ ಪಟ್ಟಿಯಿರುವ ಗ್ಲೌಸು, ಆಮೇಲೆ ಬೂಟು. ಜಾಕೆಟ್ ಮುಂದಿನ ಬೋನಸ್ ಬಂದಾಗ. ಹೆಲ್ಮೆಟ್ಟಿನಿಂದ ಸಾವಿನ ಸಾಧ್ಯತೆ ಶೇ 42, ತಲೆಯ ಗಾಯದ ಸಾಧ್ಯತೆ ಶೇ 69 ಇಳಿಯುತ್ತದೆ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಹಾಕಿದ ಕಾಕ್ರೇನ್ ವಿಮರ್ಶೆ 2008ರಲ್ಲಿ ಹೇಳಿತು. ಭಾರತದಲ್ಲಿ 2022ರೊಂದರಲ್ಲೇ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕೂತವರು. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ. ಎರಡು ಸಲ ದಂಡ ಕಟ್ಟುವ ದುಡ್ಡಿಗೆ ಒಂದು ಒಳ್ಳೆಯ ಹೆಲ್ಮೆಟ್ ಬರುತ್ತದೆ. ತಂದ ಮೇಲೆ ಕೊಂಡಿ ಮಾತ್ರ ಹಾಕಿಕೊಳ್ಳಿ. ಕೊಂಡಿ ಹಾಕದಿದ್ದರೆ ಇನ್ನೂರರದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ವ್ಯತ್ಯಾಸವಿಲ್ಲ.