ಹಳಿ ತಾಳಿದಷ್ಟೇ ಎಂಜಿನ್ನಿನ ಬಲ

1862ರಲ್ಲಿ ಬರೋಡಾದ ಮಹಾರಾಜ ಖಂಡೇರಾವ್ ಗಾಯಕವಾಡರು ಡಭೋಯಿಯಿಂದ ಮಿಯಾಗಾಮ್‌ವರೆಗೆ ಸುಮಾರು 20 ಮೈಲಿ ಹಳಿ ಹಾಕಿಸಿದರು. ಅದರ ಮೇಲೆ ಗಾಡಿ ಎಳೆದದ್ದು ಎತ್ತುಗಳು. ಎರಡೂವರೆ ಅಡಿ ಅಗಲದ ಈ ದಾರಿಯೇ ಭಾರತದ ಮೊದಲ ನ್ಯಾರೋಗೇಜ್. (ನಮ್ಮ ಬಂಗಾರಪೇಟೆ–ಕೋಲಾರದ ಚಿಕ್ಕ ರೈಲು ಓಡಿದ್ದೂ ಇದೇ ಅಗಲದಲ್ಲಿ, ಅರ್ಧ ಶತಮಾನದ ಬಳಿಕ.) ಮರುವರ್ಷವೇ ಗ್ಲಾಸ್ಗೋದ ನೀಲ್ಸನ್ ಕಂಪನಿಯ ಉಗಿ ಎಂಜಿನ್ ಬಂದರೂ ಎತ್ತುಗಳ ನೊಗ ಇಳಿಯಲಿಲ್ಲ. ಗಜಕ್ಕೆ ಬರೀ 13 ಪೌಂಡ್ ತೂಗುತ್ತಿದ್ದ ಹಳಿಗೆ ಎಂಜಿನ್ನಿನ ಭಾರ ಹೆಚ್ಚಾಗಿತ್ತು. ಗಟ್ಟಿ ಹಳಿ ಹಾಕಿ 1873ರಲ್ಲಿ ಮಾರ್ಗವನ್ನು ಮತ್ತೆ ತೆರೆದ ಮೇಲೆಯೇ ಉಗಿಬಂಡಿ ಅಲ್ಲಿ ನೆಲೆಯೂರಿತು.

ಗೂಡ್ಸ್ ಎಂಜಿನ್ನುಗಳ ಚರಿತ್ರೆಯನ್ನು ಡಭೋಯಿಯಿಂದಲೇ ಓದಬೇಕು ಎನ್ನುವುದು ಇದಕ್ಕೇ. ಎಷ್ಟು ಉಗಿ ಇದ್ದರೇನು, ಗಾಲಿ ಹಳಿಯನ್ನು ಬಿಗಿಯಾಗಿ ಒತ್ತದಿದ್ದರೆ ನಿಂತಲ್ಲೇ ಜಾರಿ ತಿರುಗುತ್ತದೆ. ಎಳೆಯುವ ಗಾಲಿಗಳ ಮೇಲೆ ಬೀಳುವ ತೂಕದ ಹೆಚ್ಚುಕಡಿಮೆ ಕಾಲು ಭಾಗವಷ್ಟೇ ಎಳೆತವಾಗಿ ದಕ್ಕುತ್ತದೆ. ತೂಕ ಹೆಚ್ಚಿಸಿದರೆ ಹಳಿ, ಸೇತುವೆ ತಾಳವು. ಹಾಗಾಗಿ ಆ ತೂಕವನ್ನು ಹೆಚ್ಚು ಗಾಲಿಗಳಿಗೆ ಹಂಚುವುದೇ ಎಂಜಿನಿಯರುಗಳ ನಿಜವಾದ ಜಾಣ್ಮೆಯಾಯಿತು. ಬಂಗಾಳ–ನಾಗಪುರ ರೈಲ್ವೆ 1929ರ ಸುಮಾರಿಗೆ ತರಿಸಿದ ಗ್ಯಾರಟ್ ಎಂಜಿನ್ನುಗಳಲ್ಲಿ ಒಂದೇ ಬಾಯ್ಲರಿನ ಉಗಿಯಿಂದ ತಿರುಗುವ, ಎಳೆಯುವ ಗಾಲಿಗಳು ಹದಿನಾರು.

ಆದರೆ ನಾನು ಮೆಚ್ಚುವುದು ಗ್ಯಾರಟ್ಟನ್ನಲ್ಲ, 1950ರಲ್ಲಿ ಬಂದ ಡಬ್ಲ್ಯೂಜಿ ಎಂಬ ಬ್ರಾಡ್‌ಗೇಜ್ ಗೂಡ್ಸ್ ಎಂಜಿನ್ನನ್ನು. ಮುಂದೆ ಎರಡು ಸಣ್ಣ ಗಾಲಿ, ನಡುವೆ ಎಳೆಯುವ ಎಂಟು, ಹಿಂದೆ ಅಗಲವಾದ ಬೆಂಕಿಗೂಡನ್ನು ಹೊರಲು ಇನ್ನೆರಡು. ಒಂದೊಂದು ಅಚ್ಚಿನ ಮೇಲೆ ಸುಮಾರು 18.5 ಟನ್, ನಾಲ್ಕು ಅಚ್ಚು ಸೇರಿ 74. ಎಳೆತ 17 ಟನ್ನಿಗೂ ಮಿಗಿಲು, ಅಂದರೆ ಹಳಿಯ ಹಿಡಿತದಿಂದ ಪಡೆಯಬಹುದಾದಷ್ಟನ್ನೂ ಪಡೆದಂತೆಯೇ. ಓಟಕ್ಕಿಂತ ಎಳೆತ ಮುಖ್ಯವೆಂದು ಎಳೆಯುವ ಗಾಲಿಗಳ ವ್ಯಾಸವನ್ನು ಐದಡಿಯ ಆಸುಪಾಸಿಗೆ ಇಳಿಸಿದ್ದರು; ಪ್ಯಾಸೆಂಜರ್ ಎಂಜಿನ್ ಡಬ್ಲ್ಯೂಪಿಯ ಗಾಲಿ ಇದಕ್ಕಿಂತ ದೊಡ್ಡದು. ಚಿತ್ತರಂಜನ್ ಕಾರ್ಖಾನೆ ತಯಾರಿಸಿದ ಮೊದಲ ಎಂಜಿನ್ 'ದೇಶಬಂಧು' ಡಬ್ಲ್ಯೂಜಿ ಜಾತಿಯದೇ. 1970ರಲ್ಲಿ ಅಲ್ಲಿಂದ ಹೊರಬಂದ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ 'ಅಂತಿಮ್ ಸಿತಾರಾ' ಕೂಡ. ಒಟ್ಟು 2,450 ಡಬ್ಲ್ಯೂಜಿಗಳು ಸ್ವತಂತ್ರ ಭಾರತದ ಕಲ್ಲಿದ್ದಲು, ಅದಿರು, ಧಾನ್ಯವನ್ನು ಹೊತ್ತು ನಡೆದವು.

ಮತ್ತೆ ಡಭೋಯಿಯ ಸೀಮೆಗೇ ಮರಳಿದರೆ, ಅಂದಿನ ಬರೋಡಾ ಆದ ವಡೋದರಾದಿಂದ ಪೂರ್ವಕ್ಕೆ, ದಿಲ್ಲಿ ಮಾರ್ಗದಲ್ಲಿ ದಾಹೋದ್ ಇದೆ. ಉಗಿ ಎಂಜಿನ್ನುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ ಹಳೆಯ ರೈಲ್ವೆ ವರ್ಕ್‌ಶಾಪಿನ ಊರು. 2025ರ ಮೇ ತಿಂಗಳಲ್ಲಿ ಅಲ್ಲಿಂದಲೇ 9,000 ಅಶ್ವಶಕ್ತಿಯ ಗೂಡ್ಸ್ ವಿದ್ಯುತ್ ಎಂಜಿನ್ ಹೊರಬಂತು. ಅದಕ್ಕೆ ಬೆಂಕಿಗೂಡು ಹೊರುವ ಗಾಲಿ ಬೇಡ; ಇರುವ ಗಾಲಿಗಳೆಲ್ಲ ಎಳೆಯುವವೇ.