ಸಾರ್ಜೆಂಟ್ ಪೆಪ್ಪರ್: ಹಿರಿಯರಿಗೆ ಒಂದನೆಯದು, ಕಿರಿಯರಿಗೆ ಇಪ್ಪತ್ತನಾಲ್ಕನೆಯದು

ಸಂಘದ ವಾರ್ಷಿಕೋತ್ಸವದ ರಸಮಂಜರಿಯಲ್ಲಿ ಯಾವ ಹಾಡು ಇರಬೇಕೆಂಬ ಚರ್ಚೆ ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಇದ್ದದ್ದೇ. ಹಿರಿಯ ಸದಸ್ಯರು ಒಂದು ಹೇಳಿದರೆ ಯುವ ವಿಭಾಗದವರು ಇನ್ನೊಂದು ಹೇಳುತ್ತಾರೆ. ಕೊನೆಗೆ ಹಿರಿಯರು "ನಿಮಗೆ ಸಂಗೀತದ ಕಿವಿಯೇ ಇಲ್ಲ" ಎಂದೂ, ಕಿರಿಯರು "ನಿಮಗೆ ನಿಮ್ಮ ಕಾಲದ್ದೇ ದೊಡ್ಡದು" ಎಂದೂ ಹೇಳಿ, ಚಹಾ ಕುಡಿದು ಲೋಕಲ್ ಹಿಡಿಯುತ್ತಾರೆ. ಈ ಜಗಳ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ಯುವಕರ ಬೀಟಲ್ಸ್ ತಂಡವನ್ನೂ ಅದು ಬಿಟ್ಟಿಲ್ಲ.

ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಧ್ವನಿಮುದ್ರಿಕೆ 1967ರಲ್ಲಿ ಹೊರಬಂತು. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 2003ರಲ್ಲಿ ಸಂಗೀತಗಾರರು, ವಿಮರ್ಶಕರ ಮತ ಪಡೆದು ಸಾರ್ವಕಾಲಿಕ 500 ಆಲ್ಬಂಗಳ ಪಟ್ಟಿ ಮಾಡಿದಾಗ ಇದಕ್ಕೆ ಒಂದನೆಯ ಸ್ಥಾನ. 2012ರ ಪರಿಷ್ಕೃತ ಪಟ್ಟಿಯಲ್ಲೂ ಒಂದನೆಯದೇ. 2020ರಲ್ಲಿ ಹೊಸದಾಗಿ ಮತ ಕೇಳಿದರು. ಹೊಸ ತಲೆಮಾರಿನ ಅನೇಕರು ಮತ ಹಾಕಿದರು. ಆಗ ಇದು ಇಪ್ಪತ್ತನಾಲ್ಕಕ್ಕೆ ಇಳಿಯಿತು! ಬೀಟಲ್ಸ್ ಮೇಲಿನ ಪ್ರೀತಿ ಕಡಿಮೆಯಾಯಿತೇ ಎಂದರೆ ಅದೂ ಅಲ್ಲ. ಅವರದೇ 'ಅಬೇ ರೋಡ್' ಐದನೆಯ ಸ್ಥಾನದಲ್ಲಿ, 'ರಿವಾಲ್ವರ್' ಹನ್ನೊಂದನೆಯ ಸ್ಥಾನದಲ್ಲಿ ಇವೆ. ಅಂದರೆ ಹೊಸಬರು ತಂಡವನ್ನು ಬಿಟ್ಟಿಲ್ಲ, ಹಿರಿಯರ ಅಚ್ಚುಮೆಚ್ಚಿನ ತಟ್ಟೆಯನ್ನು ಬಿಟ್ಟಿದ್ದಾರೆ.

ಬ್ಯಾಂಕಿನಲ್ಲಿ ಎರಡು ಪುಸ್ತಕಗಳ ಲೆಕ್ಕ ಹೊಂದದಿದ್ದಾಗ ನಾವು ಯಾರ ತಲೆ ಕೆಟ್ಟಿದೆ ಎಂದು ಮೊದಲಿಗೇ ಕೇಳುವುದಿಲ್ಲ. ಎರಡರಲ್ಲೂ ಒಂದೇ ವೋಚರ್ ಏರಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆ ನೋಡಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ಎರಡು ತಲೆಮಾರಿನವರು ಕೇಳಿದ್ದು ಒಂದೇ ವಸ್ತುವನ್ನಲ್ಲ.

ಮೊದಲು ರಿವಾಲ್ವರ್ ವಿಷಯ. 1966ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಂದ ರಿವಾಲ್ವರ್‌ನಲ್ಲಿ 14 ಹಾಡುಗಳಿದ್ದವು. ಅಮೆರಿಕದ ಕ್ಯಾಪಿಟಲ್ ಕಂಪೆನಿ ಅದರಿಂದ ಮೂರನ್ನು ಮೊದಲೇ ಕಿತ್ತು, ಜೂನ್ ತಿಂಗಳಲ್ಲಿ ಬೇರೊಂದು ತಟ್ಟೆಗೆ ಸೇರಿಸಿ ಮಾರಿಬಿಟ್ಟಿತ್ತು. ಕಿತ್ತ ಮೂರೂ ಜಾನ್ ಲೆನನ್ ಹಾಡಿದವು. ಆದ್ದರಿಂದ ಅಮೆರಿಕದವರ ಕೈಗೆ ಬಂದ ರಿವಾಲ್ವರ್‌ನಲ್ಲಿ 11 ಹಾಡು, ಅದರಲ್ಲಿ ಲೆನನ್ ಹಾಡಿದವು ಎರಡೇ ಎರಡು. ಮರುವರ್ಷ ಬಂದ ಸಾರ್ಜೆಂಟ್ ಪೆಪ್ಪರ್ ಮಾತ್ರ ಎರಡೂ ದೇಶಗಳಲ್ಲಿ ಒಂದೇ ಹಾಡುಗಳೊಂದಿಗೆ, ಒಂದೇ ಕ್ರಮದಲ್ಲಿ ಬಂತು. 1987ರಲ್ಲಿ ಸಿ.ಡಿ.ಗಳು ಬಂದಾಗ ಎಲ್ಲ ಕಡೆಗೂ ಬ್ರಿಟನ್ನಿನ 14 ಹಾಡುಗಳ ರಿವಾಲ್ವರೇ ಸಿಕ್ಕಿತು. ಹಾಗಾಗಿ ಅಲ್ಲಿನ ಅಪ್ಪಂದಿರು ಅರೆಕೊರೆ ರಿವಾಲ್ವರನ್ನು ಇಡಿಯಾದ ಪೆಪ್ಪರ್ ಜೊತೆ ತೂಗಿದರು; ಮಕ್ಕಳು ಇಡಿಯನ್ನು ಇಡಿಯೊಂದಿಗೆ ತೂಗಿದರು. ತಕ್ಕಡಿ ಬೇರೆ ಕಡೆ ವಾಲಿದರೆ ಆಶ್ಚರ್ಯವೇನು?

ಎರಡನೆಯದು ಮೋನೋ ಮತ್ತು ಸ್ಟೀರಿಯೋ. 1967ರಲ್ಲಿ ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪೆಟ್ಟಿಗೆ. ಬೀಟಲ್ಸ್ ತಾವೇ ಕುಳಿತು ವಾರಗಟ್ಟಲೆ ತಿದ್ದಿದ್ದು ಮೋನೋ ಆವೃತ್ತಿಯನ್ನು. ಸ್ಟೀರಿಯೋ ಆವೃತ್ತಿಯನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞರು ಕೆಲವೇ ದಿನಗಳಲ್ಲಿ ಮುಗಿಸಿದರು. 'ಶೀಸ್ ಲೀವಿಂಗ್ ಹೋಮ್' ಎಂಬ ಹಾಡು ಮೋನೋದಲ್ಲಿ ತುಸು ಬೇಗನೆ, ತುಸು ಮೇಲಿನ ಶ್ರುತಿಯಲ್ಲಿ ಸಾಗುತ್ತದೆ. ಸ್ಟೀರಿಯೋದಲ್ಲಿ ಅದೇ ಹಾಡು ಕಾಲೆಳೆಯುತ್ತದೆ. ಮುಂದಿನ ತಲೆಮಾರಿನವರ ಪಾಲಿಗೆ ಬಂದದ್ದು ಸ್ಟೀರಿಯೋ. ಹಾಡು ಸಪ್ಪೆ ಎಂದು ಅವರು ಹೇಳಿದರೆ ಅದು ಕಿವಿಯ ದೋಷವಲ್ಲ. ಮೋನೋ ಸಿ.ಡಿ.ಗಳ ಸಂಪುಟ ಬಂದದ್ದು 2009ರಲ್ಲಿ. 2017ರಲ್ಲಿ, ಐವತ್ತು ವರ್ಷ ತುಂಬಿದಾಗ, ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮೋನೋವನ್ನೇ ಮಾದರಿಯಾಗಿಟ್ಟು ಹೊಸ ಸ್ಟೀರಿಯೋ ಆವೃತ್ತಿ ಮಾಡಿದರು. ಅಪ್ಪನ ಕೆಲಸವನ್ನು ಮಗ ಪೂರ್ತಿ ಮಾಡಿದ ಇಂಥ ಉದಾಹರಣೆ ಅಪರೂಪ.

ಇನ್ನು ನಮ್ಮ ಮುಂಬಯಿಗೆ ಸಂಬಂಧಿಸಿದ ಮಾತಿಗೆ ಬರೋಣ. ತಟ್ಟೆಯನ್ನು ತಿರುವಿ ಹಾಕಿದೊಡನೆ, ಎರಡನೆಯ ಬದಿಯ ಮೊದಲಿಗೇ, ಐದು ನಿಮಿಷದ 'ವಿದಿನ್ ಯೂ ವಿದೌಟ್ ಯೂ' ಇದೆ. ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬರೆದದ್ದು. ತಂಬೂರಿ, ದಿಲ್‌ರುಬಾ, ಸ್ವರಮಂಡಲ, ತಬಲಾ ಎಲ್ಲ ಇವೆ, ಉಳಿದ ಮೂವರು ಬೀಟಲ್ಸ್ ಇಲ್ಲವೇ ಇಲ್ಲ. 1966ರ ಸೆಪ್ಟೆಂಬರಿನಲ್ಲಿ ಹ್ಯಾರಿಸನ್ ಪಂಡಿತ್ ರವಿಶಂಕರ್ ಅವರಲ್ಲಿ ಸಿತಾರ್ ಕಲಿಯಲು ನೇರ ಮುಂಬಯಿಗೇ ಬಂದು ತಾಜ್ ಹೋಟೆಲಿನಲ್ಲಿ ಇಳಿದಿದ್ದರು. ಆ ಪಾಠದ ಫಲ ಈ ಹಾಡು. 1968ರ ಜನವರಿಯಲ್ಲಿ ಅವರು ಮತ್ತೆ ಬಂದು ಫೋರ್ಟ್‌ನ ಪಿ.ಎಂ. ರಸ್ತೆಯ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ವಾದಕರಿಂದ ನುಡಿಸಿ ಧ್ವನಿಮುದ್ರಣ ಮಾಡಿಕೊಂಡು ಹೋದರು. ನಮ್ಮ ಎಷ್ಟೋ ಬ್ಯಾಂಕ್ ನೌಕರರು ಟಿಫಿನ್ ಡಬ್ಬಿ ಹಿಡಿದು ವರ್ಷಾನುಗಟ್ಟಲೆ ನಡೆದಾಡಿದ ರಸ್ತೆ ಅದು.

ಪಾಶ್ಚಾತ್ಯ ಅಭಿಮಾನಿಗಳು ಅತಿ ಹೆಚ್ಚು ಕಚ್ಚಾಡುವುದು ಈ ಹಾಡಿನ ಮೇಲೇ. ಅಂದಿನವರಿಗೆ ಪೂರ್ವದೇಶದ ಬಾಗಿಲು ತೆರೆದ ಅನುಭವ, ಇಂದಿನ ಹಲವರಿಗೆ ದಾಟಿಸಿ ಮುಂದೆ ಹೋಗುವ ಹಾಡು. ತಟ್ಟೆಯಲ್ಲಿ ದಾಟಿಸಬೇಕಾದರೆ ಎದ್ದು ಹೋಗಿ ಮುಳ್ಳನ್ನು ಎತ್ತಿ ಇಡಬೇಕಿತ್ತು, ಗೀರು ಬೀಳುವ ಭಯ ಬೇರೆ. ಆದ್ದರಿಂದ ಕೂತು ಕೇಳಿದರು, ಕೇಳಿ ಕೇಳಿ ಹಿಡಿಸಿತು. ಈಗ ಹೆಬ್ಬೆರಳು ತಾಗಿಸಿದರೆ ಸಾಕು. ನನ್ನ ಮಟ್ಟಿಗೆ ಇದೊಂದು ಪ್ರಾಮಾಣಿಕ ಪ್ರಯತ್ನ. ಭಜನೆ, ತಬಲಾ ಕೇಳಿ ಬೆಳೆದ ನಮಗೆ ಇದರಲ್ಲಿ ಬೆರಗು ಪಡುವಂಥದ್ದು ಹೆಚ್ಚಿಲ್ಲದಿದ್ದರೂ, ಬೇಸರಪಡುವಂಥದ್ದೂ ಇಲ್ಲ.

ಮುಖಪುಟವೂ ಹಾಗೆಯೇ. ಪುಸ್ತಕದಂತೆ ತೆರೆಯುವ ಹೊದಿಕೆ, ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯ, ಮುಂದೆ ಹಲವಾರು ಪ್ರಸಿದ್ಧರ ಚಿತ್ರಗಳ ಗುಂಪು. ಅದರಲ್ಲಿ ಪರಮಹಂಸ ಯೋಗಾನಂದರೂ ಅವರ ಗುರುಪರಂಪರೆಯ ಮೂವರೂ ಇದ್ದಾರೆ. ಗಾಂಧೀಜಿಯವರ ಚಿತ್ರವೂ ಇತ್ತು. ಭಾರತೀಯರು ನೊಂದುಕೊಂಡಾರು ಎಂದು ಇ.ಎಂ.ಐ. ಕಂಪೆನಿ ತೆಗೆಸಿತು. ಒಬ್ಬೊಬ್ಬರನ್ನೇ ಗುರುತಿಸುತ್ತ ಸಂಜೆ ಕಳೆದವರಿಗೂ, ಮೊಬೈಲಿನಲ್ಲಿ ಅಂಚೆಚೀಟಿಯಷ್ಟು ಚಿತ್ರ ಕಂಡವರಿಗೂ ಸಿಕ್ಕಿದ್ದು ಒಂದೇ ಎನ್ನಲಾಗದು.

2015ರ ಕ್ರಿಸ್‌ಮಸ್ ಹೊತ್ತಿಗೆ ಬೀಟಲ್ಸ್ ಹಾಡುಗಳು ಸ್ಪಾಟಿಫೈ ಮುಂತಾದ ಕಡೆ ಬಂದವು. ಅಲ್ಲಿ ಅವರ ಹಾಡುಗಳಲ್ಲಿ ಅತಿ ಹೆಚ್ಚು ಕೇಳಲ್ಪಟ್ಟಿರುವುದು 'ಹಿಯರ್ ಕಮ್ಸ್ ದ ಸನ್', ಅಬೇ ರೋಡ್‌ನದು. ಬಿಡಿ ಹಾಡಾಗಿ ಕೇಳಿದರೆ ಅದು ಗೆಲ್ಲುತ್ತದೆ. ಪೆಪ್ಪರ್ ಬಿಡಿಹಾಡುಗಳ ಮೂಟೆಯಲ್ಲ. ಕಾಲ್ಪನಿಕ ವಾದ್ಯತಂಡವೊಂದರ ಕಛೇರಿ ಎಂಬಂತೆ ಕಟ್ಟಿದ್ದು. ಮೊದಲ ಹಾಡು ನಿಲ್ಲದೆ ಎರಡನೆಯದಕ್ಕೆ ಹರಿಯುತ್ತದೆ, ಕೊನೆಗೆ ಮೊದಲ ಹಾಡು ಮರಳಿ ಬರುತ್ತದೆ. ಕ್ರಮ ತಪ್ಪಿಸಿ ಕೇಳಿದರೆ ಮಧ್ಯದ ಅಂಕದಿಂದ ನಾಟಕ ನೋಡಿದ ಹಾಗೆ. ಜೊತೆಗೆ, ಇದಕ್ಕೆಂದೇ ಮುದ್ರಿಸತೊಡಗಿದ್ದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್', 'ಪೆನ್ನಿ ಲೇನ್' ಎರಡನ್ನೂ ಫೆಬ್ರವರಿಯಲ್ಲೇ ಪ್ರತ್ಯೇಕ ತಟ್ಟೆಯಾಗಿ ಮಾರಿ, ಆಲ್ಬಂನಿಂದ ಬಿಟ್ಟುಬಿಟ್ಟರು. ಮಾರ್ಟಿನ್ ಆಮೇಲೆ ಬಹಳ ಪಶ್ಚಾತ್ತಾಪಪಟ್ಟರು. ಅಂದಿನವರ ಕಪಾಟಿನಲ್ಲಿ ಆ ತಟ್ಟೆಯೂ ಪಕ್ಕದಲ್ಲೇ ಇತ್ತು. ಇಂದಿನವರಿಗೆ ಆ ಎರಡು ರತ್ನಗಳಿಲ್ಲದ ಹಾರ ಕಾಣುತ್ತದೆ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ಸರಿಯಲ್ಲ. 1967ರ ಜೂನ್‌ನಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಆಲ್ಬಂ ಮೇಲೆ ಕಟುವಾಗಿ ಬರೆದ ರಿಚರ್ಡ್ ಗೋಲ್ಡ್‌ಸ್ಟೀನ್‌ಗೆ ಆಗ ಇಪ್ಪತ್ತಮೂರು ಕೂಡ ತುಂಬಿರಲಿಲ್ಲ. ಅವರೂ ಕೊನೆಯ ಹಾಡು 'ಎ ಡೇ ಇನ್ ದ ಲೈಫ್' ಅನ್ನು ಮಾತ್ರ ಹೊಗಳಿದ್ದರು. ನನ್ನ ಅಭಿಪ್ರಾಯವೂ ಬಹುಮಟ್ಟಿಗೆ ಅದೇ. ಹಾಡಿಗೆ ಹಾಡು ಇಟ್ಟು ನೋಡಿದರೆ ರಿವಾಲ್ವರ್ ಮೇಲು, ಕಿರಿಯರ ಮಾತು ಸರಿ. ಆದರೆ ಒಂದು ಮುಕ್ಕಾಲು ಗಂಟೆ ದೀಪ ಆರಿಸಿ, ಮೊಬೈಲ್ ದೂರವಿಟ್ಟು, ಮೋನೋ ಆವೃತ್ತಿಯನ್ನು ಆರಂಭದಿಂದ ಕೊನೆಯವರೆಗೆ ಕೇಳದೆ 24ನೇ ಸ್ಥಾನ ಕೊಡುವುದು ಅವಸರವಾಯಿತು.

ಕೊನೆಯ ಹಾಡಿನ ದೀರ್ಘ ಪಿಯಾನೋ ನಾದ ಅಡಗಿದ ಮೇಲೂ ಒಂದು ಚೇಷ್ಟೆ ಇದೆ. ಬ್ರಿಟನ್ನಿನ ಮೂಲ ತಟ್ಟೆಯ ಒಳಗೆರೆಯಲ್ಲಿ ಅರ್ಥವಿಲ್ಲದ ಮಾತಿನ ತುಣುಕೊಂದನ್ನು ಕೊರೆದಿದ್ದರು. ಯಾರಾದರೂ ಎದ್ದು ಮುಳ್ಳು ಎತ್ತುವವರೆಗೆ ಅದು ಸುತ್ತುತ್ತಲೇ ಇರುತ್ತಿತ್ತು. ಸಿ.ಡಿ.ಯಲ್ಲಿ ಕೆಲವು ಸೆಕೆಂಡು ಸುತ್ತಿ ಅಡಗುತ್ತದೆ. ಅದಕ್ಕೂ ಮೊದಲು, ನಾಯಿಗಳಿಗೂ ಏನಾದರೂ ಇರಲಿ ಎಂದು, 15 ಕಿಲೋಹರ್ಟ್ಸ್‌ನ ಒಂದು ಅತಿ ತೆಳುವಾದ ಶಿಳ್ಳೆ. ಐವತ್ತು ದಾಟಿದ ಹೆಚ್ಚಿನವರ ಕಿವಿಗೆ ಅಷ್ಟು ಎತ್ತರದ ಸದ್ದು ಮುಟ್ಟುವುದಿಲ್ಲ. 1967ರಲ್ಲಿ ತಟ್ಟೆ ಕೊಂಡ ಅಜ್ಜ ಆ ಹೊತ್ತು ಹಾಡು ಮುಗಿಯಿತೆಂದು ಎದ್ದರೆ, ಪಕ್ಕದಲ್ಲಿ ಕುಳಿತ ಮೊಮ್ಮಗಳು "ಅಜ್ಜ, ಇದೇನು ಸದ್ದು?" ಎಂದು ಕಿವಿ ಮುಚ್ಚಿಕೊಳ್ಳುತ್ತಾಳೆ.